ಯಾರ ಪಾಪದ ಫಲ?

ನನ್ನ ತಂಗಿ ಹುಟ್ಟಿದಾಗ ಅವಳ ಎಡಗಾಲಿನ ಪಾದ ಒಳಕ್ಕೆ ಹೊರಳಿಕೊಂಡಿತ್ತು. ಆಗ ನನಗೆ ಆರು ವರ್ಷ. ಬಾಣಂತಿಯ ಕೋಣೆಯ ಹೊಸ್ತಿಲಾಚೆ ನಿಂತು ಇಣುಕಿದ ನನ್ನ ಕಿವಿಗೆ ಬಿದ್ದದ್ದು ಅಜ್ಜಿಯ ಮಾತು: “ಯಾರು ಮಾಡಿದ ಪಾಪವೋ, ಈ ಕೂಸಿನ ಕಾಲಿಗೆ ಬಂತು!” ಅಜ್ಜಿ ನಿರ್ದಯಳಲ್ಲ. ತಿಂಗಳುಗಟ್ಟಲೆ ಹರಳೆಣ್ಣೆ ಕಾಯಿಸಿ ಆ ಪಾದವನ್ನು ನೀವಿದವಳೂ ಅವಳೇ. ಆದರೆ ಎಣ್ಣೆ ಒರಸಿಹೋಯಿತು, ಮಾತು ಉಳಿಯಿತು. ತಾನು ಬಸಿರಿದ್ದಾಗ ಯಾರ ಮನಸ್ಸನ್ನು ನೋಯಿಸಿದ್ದೆನೋ ಎಂದು ಅಮ್ಮ ತನ್ನ ಕೊನೆಗಾಲದವರೆಗೂ ಲೆಕ್ಕ ಹಾಕುತ್ತಲೇ ಇದ್ದಳು.

ಮುಂದೆ ಕಾಲೇಜಿನ ದಿನಗಳಲ್ಲಿ ಹಳೆಯ ಪುಸ್ತಕದಂಗಡಿಯಿಂದ ತಂದ ಕನ್ನಡ ಬೈಬಲಿನಲ್ಲಿ ಅಜ್ಜಿಯ ಪ್ರಶ್ನೆಯೇ ನನಗೆ ಎದುರಾಯಿತು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯ. ದಾರಿಯಲ್ಲಿ ಒಬ್ಬ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪದ ಫಲವೋ ಇವನನ್ನು ಹೆತ್ತವರ ಪಾಪದ ಫಲವೋ ಎಂದು ಗುರುವನ್ನು ಕೇಳುತ್ತಾರೆ. ಯೇಸು ಎರಡನ್ನೂ ಅಲ್ಲಗಳೆಯುತ್ತಾನೆ. ಪ್ರಶ್ನೆ ನಮ್ಮ ಮನೆಯ ಜಗಲಿಯದೇ. ಉತ್ತರ ಮಾತ್ರ ಬೇರೆ. ಆ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಏನೂ ಆಡಲಿಲ್ಲ; ಇನ್ನೊಂದು ಸಲ ಓದು ಎಂದಳು.

ನಾನು ಕ್ರೈಸ್ತನಲ್ಲ, ದೇವತಾಶಾಸ್ತ್ರ ಬಲ್ಲವನೂ ಅಲ್ಲ. ಮೂವತ್ತು ವರ್ಷ ಪ್ರೌಢಶಾಲೆಯ ಹುಡುಗರಿಗೆ ಕನ್ನಡ ವ್ಯಾಕರಣ ಕಲಿಸಿದವನು. ಆದರೂ ಇಂಥ ಉತ್ತರ ಕೊಟ್ಟ ಧರ್ಮವು ಅದನ್ನು ಎರಡು ಸಾವಿರ ವರ್ಷ ಹೇಗೆ ಕಾಪಾಡಿಕೊಂಡಿತು, ಎಲ್ಲಿ ಕೈಬಿಟ್ಟಿತು ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಓದುತ್ತ ಹೋದಂತೆ ಎರಡು ಬಗೆಯ ಮನುಷ್ಯರ ಕಥೆ ಒಂದೇ ಹಗ್ಗದ ಎರಡು ಎಳೆಗಳಂತೆ ಕಂಡಿತು. ಒಂದು ಎಳೆ ಕುರುಡರು, ಕುಂಟರು, ಕಿವುಡರು ಮೊದಲಾದ ಅಂಗವಿಕಲರದು. ಇನ್ನೊಂದು, ಗಂಡು ಹೆಣ್ಣು ಎಂಬ ಎರಡು ಪಂಕ್ತಿಗಳಲ್ಲಿ ಯಾವುದಕ್ಕೂ ಪೂರ್ತಿಯಾಗಿ ಹೊಂದದ ದೇಹದೊಡನೆ ಹುಟ್ಟಿದವರದು. ಹಳೆಯ ಗ್ರಂಥಗಳು ಅವರನ್ನು ಉಭಯಲಿಂಗಿಗಳೆಂದವು. ಇಂದು ಅಂತರಲಿಂಗಿಗಳು ಎನ್ನುತ್ತೇವೆ. ಇವೆರಡೂ ಒಂದೇ ಅಲ್ಲ. ಅಂತರಲಿಂಗಿಯಾದವರಿಗೆ ನೋಡುವುದಕ್ಕೂ ನಡೆಯುವುದಕ್ಕೂ ಯಾವ ಅಡ್ಡಿಯೂ ಇಲ್ಲದಿರಬಹುದು. ಆದರೆ ಇಗರ್ಜಿಯ ಪಂಡಿತರು ಇಬ್ಬರ ಮುಂದೆಯೂ ಒಂದೇ ಪ್ರಶ್ನೆ ಇಟ್ಟರು: ಈ ದೇಹ ದೇವರು ಬಯಸಿ ಮಾಡಿದ್ದೋ, ಎಲ್ಲಿಯೋ ಕೆಟ್ಟುಹೋದದ್ದೋ?

ಬೈಬಲಿನಲ್ಲಿಯೇ ಈ ಪ್ರಶ್ನೆಗೆ ಎರಡು ಬಾಗಿಲುಗಳುಂಟು. ಯಾಜಕಕಾಂಡದ 21ನೆಯ ಅಧ್ಯಾಯ ಒಂದು ಬಾಗಿಲನ್ನು ಮುಚ್ಚುತ್ತದೆ. ಯಾಜಕರ ವಂಶದಲ್ಲಿ ಹುಟ್ಟಿದವನಾದರೂ ಕುರುಡನೋ ಕುಂಟನೋ ಗೂನನೋ ಆಗಿದ್ದರೆ ಅವನು ಬಲಿಪೀಠದ ಬಳಿ ಬರುವಂತಿಲ್ಲ. ಆದರೆ ದೇವರಿಗೆ ಒಪ್ಪಿಸಿದ ಆಹಾರದಲ್ಲಿ ಅವನ ಪಾಲು ತಪ್ಪುವುದಿಲ್ಲ. ಊಟಕ್ಕೆ ಉಂಟು, ಪೂಜೆಗೆ ಇಲ್ಲ! ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಬೀಜ ಒಡೆದವನನ್ನು ದೇವಜನರ ಸಭೆಯಿಂದಲೇ ಹೊರಗಿಡುತ್ತದೆ. ಇನ್ನೊಂದು ಬಾಗಿಲನ್ನು ತೆರೆದವನು ಪ್ರವಾದಿ ಯೆಶಾಯ. ಅವನ ಗ್ರಂಥದ 56ನೆಯ ಅಧ್ಯಾಯದಲ್ಲಿ ದೇವರು ನಪುಂಸಕರಿಗೆ ತನ್ನ ಮನೆಯ ಗೋಡೆಗಳೊಳಗೇ ಜಾಗವನ್ನೂ, ಗಂಡುಹೆಣ್ಣು ಮಕ್ಕಳಿದ್ದು ಬರುವ ಹೆಸರಿಗಿಂತ ಮೇಲಾದ ಹೆಸರನ್ನೂ ಕೊಡುವುದಾಗಿ ಮಾತು ಕೊಡುತ್ತಾನೆ.

ಆ ಮಾತು ನಡೆದದ್ದನ್ನು ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯ ತೋರಿಸುತ್ತದೆ. ಇಥಿಯೋಪಿಯದ ರಾಣಿಯ ಬೊಕ್ಕಸ ನೋಡಿಕೊಳ್ಳುವ ಅಧಿಕಾರಿಯೊಬ್ಬ, ನಪುಂಸಕನಾದವನು, ಜೆರೂಸಲೇಮಿನಿಂದ ಗಾಜಾದ ದಾರಿ ಹಿಡಿದು ರಥದಲ್ಲಿ ಹೋಗುತ್ತಿದ್ದಾನೆ. ಕೈಯಲ್ಲಿ ಯೆಶಾಯನ ಗ್ರಂಥ. ಅವನು ಓದುತ್ತಿದ್ದುದು ಕುರಿಮರಿಯಂತೆ ಬಾಯಿಬಿಡದೆ ಬಲಿಯಾದವನ ಪ್ರಸಂಗ, ಎಂದರೆ 53ನೆಯ ಅಧ್ಯಾಯ. ಇನ್ನು ಮೂರೇ ಅಧ್ಯಾಯ ದಾಟಿದರೆ ತನ್ನಂಥವರಿಗೆ ಕೊಟ್ಟ ಭಾಷೆ ಅವನಿಗೆ ಸಿಗಬೇಕು. ಫಿಲಿಪ್ಪನು ರಥವೇರಿ ಅರ್ಥ ಹೇಳುತ್ತಾನೆ. ದಾರಿಯ ಮಗ್ಗುಲಲ್ಲಿ ನೀರು ಕಂಡ ಅಧಿಕಾರಿ, ತನಗೆ ದೀಕ್ಷಾಸ್ನಾನವಾಗುವುದಕ್ಕೆ ಏನಡ್ಡಿ ಎಂದು ಕೇಳುತ್ತಾನೆ. ಯಾವ ಅಡ್ಡಿಯೂ ಇರಲಿಲ್ಲ. ಯೆಹೂದ್ಯರಲ್ಲದವರ ನಡುವಿನಿಂದ ಆ ಧರ್ಮಕ್ಕೆ ಬಂದ ಮೊದಲಿಗರಲ್ಲಿ ಒಬ್ಬನು, ಹಳೆಯ ಕಟ್ಟಳೆ ಸಭೆಯಿಂದ ಹೊರಗಿಟ್ಟಿದ್ದಂಥವನೇ ಆದ.

ಮತ್ತಾಯನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಯೇಸು ಮೂರು ಬಗೆಯ ನಪುಂಸಕರನ್ನು ಎಣಿಸುತ್ತಾನೆ. ತಾಯಿಯ ಗರ್ಭದಿಂದಲೇ ಹಾಗೆ ಹುಟ್ಟಿದವರು, ಮನುಷ್ಯರ ಕೈಯಿಂದ ಹಾಗಾದವರು, ಸ್ವರ್ಗರಾಜ್ಯಕ್ಕಾಗಿ ತಾವೇ ಹಾಗಾದವರು. ಮೊದಲನೆಯ ಬಗೆಯವರನ್ನು ಹೆಸರಿಸುವಾಗ ಅವನ ಮಾತಿನಲ್ಲಿ ನಿಂದೆಯಿಲ್ಲ, ಮರುಕವಿಲ್ಲ, ಗುಣಪಡಿಸುವೆನೆಂಬ ಭರವಸೆಯೂ ಇಲ್ಲ. ಇದ್ದಾರೆ ಎಂದಷ್ಟೇ. ಕ್ರಿ. ಶ. 325ರಲ್ಲಿ ನಿಸೀಯದಲ್ಲಿ ಕೂಡಿದ ಮಹಾಸಭೆಯ ಮೊದಲನೆಯ ಕಟ್ಟಳೆಯೂ ಇದೇ ವಿಷಯದ್ದು. ಆರೋಗ್ಯವಂತನಾಗಿದ್ದು ತನ್ನನ್ನು ತಾನೇ ಕತ್ತರಿಸಿಕೊಂಡವನಿಗೆ ಪಾದ್ರಿತನವಿಲ್ಲ. ವೈದ್ಯನ ಕೈಯಿಂದಲೋ ಒಡೆಯನ ಕ್ರೌರ್ಯದಿಂದಲೋ ಹಾಗಾದವನಿಗೆ ಅಡ್ಡಿಯಿಲ್ಲ. ದೇಹದ ಸ್ಥಿತಿಯನ್ನಲ್ಲ, ಮಾಡಿದ ಕೆಲಸವನ್ನು ತೂಗಿದ ಕಟ್ಟಳೆ ಇದು.

ಇದರ ಬೆಲೆ ತಿಳಿಯಬೇಕಾದರೆ ಹಳೆಯ ರೋಮಿನತ್ತ ಒಮ್ಮೆ ನೋಡಬೇಕು. ಕ್ರಿ. ಪೂ. 207ರಲ್ಲಿ, ಹ್ಯಾನಿಬಲ್ಲನ ಭಯದಿಂದ ಊರು ನಡುಗುತ್ತಿದ್ದಾಗ, ಫ್ರೂಸಿನೋ ಎಂಬಲ್ಲಿ ಗಂಡೋ ಹೆಣ್ಣೋ ಹೇಳಲಾಗದ ಒಂದು ಶಿಶು ಹುಟ್ಟಿತೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಶಕುನಿಗರು ಬಂದರು, ಇದು ಘೋರ ಅಪಶಕುನವೆಂದರು. ಜೀವವಿದ್ದ ಆ ಶಿಶುವನ್ನು ಪೆಟ್ಟಿಗೆಯೊಳಗಿಟ್ಟು ಒಯ್ದು ಸಮುದ್ರಕ್ಕೆ ಎಸೆದರು. ಬಳಿಕ ಇಪ್ಪತ್ತೇಳು ಕನ್ಯೆಯರು ಸ್ತೋತ್ರ ಹಾಡುತ್ತ ನಗರದಲ್ಲಿ ಮೆರವಣಿಗೆ ಹೋದರು. ಹಾಡನ್ನು ಕಟ್ಟಿಕೊಟ್ಟವನು ಲ್ಯಾಟಿನ್ ಸಾಹಿತ್ಯದ ಆದಿಕವಿ ಲಿವಿಯಸ್ ಆಂಡ್ರೊನಿಕಸ್. ಸಾಹಿತ್ಯ ಎಂಥೆಂಥ ಕೆಲಸಕ್ಕೆ ಬಂದಿದೆ ನೋಡಿ!

ಅದೇ ರೋಮು ಕ್ರಿ. ಶ. 410ರಲ್ಲಿ ಗಾಥರ ಕೈಗೆ ಸಿಕ್ಕಿ ಸೂರೆಹೋಯಿತು. ಆ ಆಘಾತಕ್ಕೆ ಉತ್ತರವಾಗಿ ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಅಗಸ್ಟೀನನು 413ರಿಂದ 426ರವರೆಗೆ ‘ದೇವನಗರ’ವೆಂಬ ಇಪ್ಪತ್ತೆರಡು ಭಾಗಗಳ ಗ್ರಂಥ ಬರೆದನು. ಅದರ 16ನೆಯ ಭಾಗದ 8ನೆಯ ಅಧ್ಯಾಯದಲ್ಲಿ ಅವನು ವಿಚಿತ್ರವಾಗಿ ಹುಟ್ಟಿದವರ ಮಾತೆತ್ತುತ್ತಾನೆ. ಅವನ ನೆರೆಯ ಹಿಪ್ಪೊ ಡಯಾರಿಟಸ್, ಇಂದಿನ ಟ್ಯುನೀಷಿಯದ ಬಿಜೆರ್ಟ, ಅಲ್ಲಿ ಒಬ್ಬನಿದ್ದನಂತೆ: ಅಂಗಾಲು ಅರ್ಧಚಂದ್ರದ ಹಾಗೆ, ಒಂದೊಂದಕ್ಕೂ ಎರಡೆರಡೇ ಬೆರಳು; ಕೈಗಳೂ ಹಾಗೆಯೇ. ಪೂರ್ವದೇಶದಲ್ಲಿ ಸೊಂಟದ ಮೇಲೆ ಇಬ್ಬರಾಗಿ ಕೆಳಗೆ ಒಬ್ಬನಾಗಿ ಹುಟ್ಟಿದವನ ಸುದ್ದಿಯನ್ನೂ ಹೇಳುತ್ತಾನೆ. ಅವರ ನಡುವೆ ಉಭಯಲಿಂಗಿಗಳನ್ನೂ ಹೆಸರಿಸುತ್ತಾನೆ. ಅವರು ವಿರಳವಾದರೂ ಅಂಥವರಿಲ್ಲದ ಕಾಲವೇ ಇಲ್ಲವೆನ್ನಬಹುದು ಎಂಬುದು ಅವನ ಅಭಿಪ್ರಾಯ.

ಇವರೆಲ್ಲ ಮನುಷ್ಯರೆ? ಹೌದು ಎನ್ನುತ್ತಾನೆ ಅಗಸ್ಟೀನ. ರೂಪ, ಬಣ್ಣ, ನಡಿಗೆ, ದನಿ ಹೇಗೇ ಇರಲಿ, ವಿವೇಕವುಳ್ಳ ಮರ್ತ್ಯಜೀವಿಯಾಗಿ ಹುಟ್ಟಿದವರೆಲ್ಲ ಆದಿಪುರುಷನ ಸಂತತಿಯೇ. ಸೃಷ್ಟಿಕರ್ತನು ಬೆರಳೆಣಿಸುವಾಗ ತಪ್ಪಿದನೆಂದು ಹೇಳುವಷ್ಟು ಮೂರ್ಖರಾಗಬೇಡಿ. ಇಡಿಯನ್ನು ಕಾಣಲಾರದವನಿಗೆ ಬಿಡಿ ಅಂದಗೆಟ್ಟದ್ದಾಗಿ ತೋರುತ್ತದೆ, ದೋಷ ನೋಡುವವನ ದೃಷ್ಟಿಯದು ಎಂಬುದು ಅವನ ವಾದದ ತಿರುಳು. ಶಿಶುವನ್ನು ಪೆಟ್ಟಿಗೆಯಲ್ಲಿಟ್ಟು ಮುಳುಗಿಸಿದ ನಾಗರಿಕತೆಯ ಭಾಷೆಯಲ್ಲಿಯೇ ಈ ಮಾತು ಬರೆಯಲ್ಪಟ್ಟಿತು.

ಆದರೆ ಅಗಸ್ಟೀನನು ಬಿಷಪ್ ಆಗುವ ಮೊದಲು ತನ್ನ ಹುಟ್ಟೂರಾದ ಥಾಗಸ್ಟೆಯಲ್ಲಿ ವ್ಯಾಕರಣ ಕಲಿಸುತ್ತಿದ್ದವನು. ಆ ಮೇಷ್ಟರ ಬುದ್ಧಿ ಇಲ್ಲಿ ಒಂದು ಕ್ಷಣ ತಲೆಯೆತ್ತುತ್ತದೆ. ಉಭಯಲಿಂಗಿಗಳನ್ನು ಯಾವ ಲಿಂಗದಲ್ಲಿ ಹೇಳಬೇಕು? ರೂಢಿಯು ಅವರನ್ನು ಎರಡರಲ್ಲಿ ಮೇಲಾದುದರಿಂದ, ಎಂದರೆ ಪುಲ್ಲಿಂಗದಿಂದ, ಕರೆಯುತ್ತದೆ; ಸ್ತ್ರೀಲಿಂಗದ ರೂಪವನ್ನು ಯಾರೂ ಬಳಸಿದ್ದಿಲ್ಲ ಎಂದು ಹೇಳಿ ಮುಂದಕ್ಕೆ ಹೋಗುತ್ತಾನೆ. ನಾನೂ ಅದೇ ವೃತ್ತಿಯವನಾದ್ದರಿಂದ ಇಲ್ಲಿ ನಿಂತುಬಿಟ್ಟೆ. ನನ್ನ ತರಗತಿಯಲ್ಲಿ ವರ್ಷಕ್ಕೊಬ್ಬ ಹುಡುಗನಾದರೂ ಎದ್ದು, “ಸಾರ್, ಮಗು ಅಳುತ್ತದೆ ಅಂತ ಯಾಕೆ? ಮಗು ಮನುಷ್ಯ ಅಲ್ಲವೆ?” ಎಂದು ಕೇಳುತ್ತಿದ್ದ. ಮನುಷ್ಯನೇ, ಆದರೆ ಕನ್ನಡಕ್ಕೆ ಆತುರವಿಲ್ಲ ಎನ್ನುತ್ತಿದ್ದೆ. ಅಗಸ್ಟೀನನ ಲ್ಯಾಟಿನ್‌ನಲ್ಲಿಯೂ ನಪುಂಸಕಲಿಂಗವುಂಟು. ಆದರೆ ಮನುಷ್ಯನನ್ನು ಹೆಸರಿಸುವಾಗ ಕೈ ಎರಡರಲ್ಲೊಂದರ ಕಡೆಗೇ ಹೋಯಿತು. ಎಲ್ಲರೂ ದೇವರ ಸೃಷ್ಟಿಯೆಂದು ಒಪ್ಪಿದ ಮೇಲೆಯೂ, ಎರಡರಲ್ಲಿ ಒಂದಾಗಲೇಬೇಕು, ಎರಡರಲ್ಲಿ ಒಂದು ಮೇಲು ಎಂಬ ಎರಡು ಮೊಳೆಗಳು ಅಲ್ಲಿಯೇ ಉಳಿದವು.

ಮೂರನೆಯ ಮೊಳೆ ಗ್ರಂಥದ ಕೊನೆಯ ಭಾಗದಲ್ಲಿದೆ. ಸತ್ತವರು ಎದ್ದುಬರುವ ದಿನ ದೇಹಗಳು ಹೇಗಿರುವುವು? ಹೆಂಗಸರೂ ಅಂದು ಗಂಡಸರಾಗಿ ಏಳುವರೆಂದು ಕೆಲವರು ಹೇಳುತ್ತಿದ್ದರು. ಅಗಸ್ಟೀನ ಅದನ್ನು ತಳ್ಳಿಹಾಕಿ, ಹೆಣ್ಣುತನ ದೋಷವಲ್ಲ, ಪ್ರಕೃತಿ. ಹೆಣ್ಣು ಹೆಣ್ಣಾಗಿಯೇ ಏಳುವಳು ಎಂದ. ಆದರೆ ದೋಷವೆನಿಸಿದ್ದೆಲ್ಲ ಸರಿಹೋಗುವುದು: ಅತಿಯಾದದ್ದು ತಗ್ಗುವುದು, ಕಡಮೆಯಾದದ್ದು ತುಂಬುವುದು. ಆ ಅರ್ಧಚಂದ್ರದ ಪಾದದವನಿಗೆ ಅಂದು ಎಲ್ಲರಂಥ ಪಾದ ಬಂದೀತೆಂದೇ ಅರ್ಥ. ತಾನೇ ಹೆಸರಿಸಿದ್ದ ಉಭಯಲಿಂಗಿಯ ಮಾತನ್ನು ಅಲ್ಲಿ ಅವನು ಎತ್ತುವುದಿಲ್ಲ. ಇಷ್ಟೆಲ್ಲದರ ನಡುವೆ ಒಂದೇ ಒಂದು ವಿನಾಯಿತಿ: ಧರ್ಮಕ್ಕಾಗಿ ಪ್ರಾಣ ಕೊಟ್ಟವರ ಗಾಯದ ಗುರುತುಗಳು. ಕಡಿದುಹೋದ ಅಂಗ ಕೂಡಿಕೊಂಡರೂ ಗುರುತು ಉಳಿಯುವುದು. ಏಕೆಂದರೆ ಅದು ಕುರೂಪವಲ್ಲ, ಗೌರವ. ಈ ವಿನಾಯಿತಿಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ಹದಿನೈದು ಶತಮಾನಗಳ ಮೇಲೆ ಒಬ್ಬ ಹೆಣ್ಣುಮಗಳು ಇದೇ ಜಾಗಕ್ಕೆ ಬರುತ್ತಾಳೆ.

ನಡುವಿನ ಕಾಲದಲ್ಲಿ ಮಾತು ದೇವತಾಶಾಸ್ತ್ರದಿಂದ ಕಾನೂನಿಗೆ ಇಳಿಯಿತು. ಉಭಯಲಿಂಗಿಯಲ್ಲಿ ಯಾವ ಲಿಂಗ ಪ್ರಬಲವೋ ಅದಕ್ಕೇ ಸೇರಿಸಬೇಕೆಂದು ರೋಮಿನ ನ್ಯಾಯಶಾಸ್ತ್ರಿ ಉಲ್ಪಿಯನ್ ಹೇಳಿದ್ದನು. ಜಸ್ಟಿನಿಯನ್ ಚಕ್ರವರ್ತಿ 533ರಲ್ಲಿ ಹೊರಡಿಸಿದ ಸಂಹಿತೆಯಲ್ಲಿ ಅದು ಸೇರಿತು. 1140ರ ಸುಮಾರಿಗೆ ಬೊಲೋನ್ಯದ ಗ್ರೇಶಿಯನ್ ಇಗರ್ಜಿಯ ಕಟ್ಟಳೆಗಳನ್ನು ಒಟ್ಟುಗೂಡಿಸಿದಾಗ, ಉಭಯಲಿಂಗಿ ಉಯಿಲಿಗೆ ಸಾಕ್ಷಿ ಹಾಕಬಹುದೆ ಎಂಬುದನ್ನೂ ಅದೇ ಅಳತೆಗೋಲಿನಿಂದ ಅಳೆದನು. 1197ರಲ್ಲಿ ತೀರಿಕೊಂಡ ಪ್ಯಾರಿಸಿನ ಪೀಟರ್ ಎಂಬ ಪಂಡಿತ ಇನ್ನೂ ಬಿಗಿಮಾಡಿದ. ಅಂಥವರು ಮದುವೆಯಾಗಬಹುದು, ಗಂಡಾಗಿಯೋ ಹೆಣ್ಣಾಗಿಯೋ ಒಂದನ್ನು ಹಿಡಿಯಬೇಕು. ಅದರಲ್ಲಿ ಸೋತರೆ ಇನ್ನೊಂದಕ್ಕೆ ಹೊರಳುವಂತಿಲ್ಲ, ಕೊನೆಯವರೆಗೆ ಬ್ರಹ್ಮಚರ್ಯವೇ ಗತಿ. ಸಮುದ್ರದ ಪೆಟ್ಟಿಗೆಗೆ ಹೋಲಿಸಿದರೆ ಇದು ಕರುಣೆಯೇ. ಆದರೆ ಆಯ್ಕೆ ಒಮ್ಮೆ ಮಾತ್ರ, ಕಾವಲು ಜೀವಮಾನವೆಲ್ಲ.

ಅಂಗವಿಕಲರ ಪಾಲಿಗೂ ಇಂಥದೇ ಅರೆತೆರೆದ ಬಾಗಿಲು. ಜರ್ಮನಿಯ ದಕ್ಷಿಣದಲ್ಲಿ ರೈಖೆನೌ ಎಂಬ ದ್ವೀಪದ ಮಠದಲ್ಲಿ 1013ರಿಂದ 1054ರವರೆಗೆ ಬದುಕಿದ ಹರ್ಮನ್ ಎಂಬ ಸಂನ್ಯಾಸಿ ಕುರ್ಚಿಯಿಂದ ತಾನಾಗಿ ಏಳಲಾರದವನು. ಅವನ ಮಾತು ಅರ್ಥವಾಗುವುದೇ ಕಷ್ಟ. ಅವನು ಖಗೋಳಯಂತ್ರದ ಮೇಲೆ ಬರೆದ, ಸಂಗೀತಶಾಸ್ತ್ರ ಬರೆದ, ಕ್ರಿಸ್ತನ ಜನನದಿಂದ ತನ್ನ ದಿನದವರೆಗಿನ ಚರಿತ್ರೆಯನ್ನು ವರ್ಷವಾರಿಯಾಗಿ ಬರೆದ. 15ನೆಯ ಶತಮಾನದ ಸ್ಪೇನಿನಲ್ಲಿ ತೆರೇಸಾ ದ ಕಾರ್ತಹೇನಾ ಎಂಬ ಸಂನ್ಯಾಸಿನಿ ಕಿವುಡಿಯಾದ ಮೇಲೆ ತನ್ನ ಕಿವುಡಿನ ಅರ್ಥವನ್ನೇ ಹುಡುಕುತ್ತ ಒಂದು ಪುಸ್ತಕ ಬರೆದಳು. ಹೆಂಗಸಿಗೆ ಇಷ್ಟು ಬರೆಯಲು ಬಂದೀತೆ ಎಂದು ಜನ ಸಂಶಯಪಟ್ಟರು. ಅದಕ್ಕೆ ಉತ್ತರವಾಗಿ ಎರಡನೆಯದನ್ನು ಬರೆದಳು. ಇಂಥವರಿದ್ದರೂ ಬಲಿಪೀಠದ ಮೆಟ್ಟಿಲು ಹಾಗೆಯೇ ಉಳಿಯಿತು. 1917ರ ಕ್ಯಾಥೊಲಿಕ್ ಸಂಹಿತೆಯ 984ನೆಯ ಕಟ್ಟಳೆಯಂತೆ, ಬಲಹೀನತೆಯಿಂದ ಸುರಕ್ಷಿತವಾಗಿ ಅಥವಾ ಅಂಗವಿಕಾರದಿಂದ ಶೋಭೆಯಾಗಿ ಪೂಜೆ ನಡೆಸಲಾರದವನಿಗೆ ಪಾದ್ರಿದೀಕ್ಷೆ ಇರಲಿಲ್ಲ. ಈ ಅಡ್ಡಿ ಸಂಹಿತೆಯಿಂದ ಬಿದ್ದುಹೋದದ್ದು 1983ರಲ್ಲಿ.

ಇನ್ನು ಆ ಮೂರು ಮೊಳೆಗಳ ಮೇಲೆ ಕಾಲಿಟ್ಟು ನಡೆದವರ ಕಥೆ. ಇವರ ವಿಷಯದಲ್ಲಿ ನಾನು ‘ಅವರು’ ಎಂದೇ ಬರೆಯುತ್ತೇನೆ. ಕನ್ನಡದ ಗೌರವದ ಬಹುವಚನ ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ.

1545ರ ಸುಮಾರಿಗೆ ಸ್ಪೇನಿನ ಗ್ರನಾಡಾ ಸೀಮೆಯ ಅಲ್ಹಾಮಾದಲ್ಲಿ ಗುಲಾಮಳೊಬ್ಬಳ ಹೊಟ್ಟೆಯಲ್ಲಿ ಎಲೇನಾ ದ ಸೆಸ್ಪೆದೆಸ್ ಹುಟ್ಟಿದರು. ಹುಡುಗಿಯಾಗಿ ಬೆಳೆದರು, ಒಬ್ಬ ಗಾರೆಕೆಲಸದವನನ್ನು ಮದುವೆಯಾದರು, ಒಂದು ಮಗುವನ್ನು ಹೆತ್ತರು. ಹೆರಿಗೆಯ ಹೊತ್ತಿನಲ್ಲಿ ತಮ್ಮ ದೇಹದಲ್ಲಿ ಗಂಡಿನ ಗುರುತು ಹೊರಬಿತ್ತೆಂದು ಮುಂದೆ ಅವರೇ ಹೇಳಿದರು. ಅಲ್ಲಿಂದ ಎಲೇನೋ ಎಂಬ ಹೆಸರಿನಲ್ಲಿ ದರ್ಜಿಯಾಗಿ, ಸೈನಿಕನಾಗಿ, ಕಡೆಗೆ ಪರವಾನಗಿ ಪಡೆದ ಶಸ್ತ್ರವೈದ್ಯನಾಗಿ ಬದುಕಿದರು. 1586ರಲ್ಲಿ ಮರಿಯಾ ದೆಲ್ ಕಾನ್ಯೊ ಎಂಬವಳನ್ನು ಇಗರ್ಜಿಯ ಅಪ್ಪಣೆ ಪಡೆದೇ ಮದುವೆಯಾದರು. ಅಪ್ಪಣೆಗೆ ಮೊದಲು ಪರೀಕ್ಷೆ ನಡೆದಿತ್ತು. ದೊರೆ ಎರಡನೆಯ ಫಿಲಿಪ್ಪನ ವೈದ್ಯನೂ ಮೂತ್ರಾಂಗದ ರೋಗಗಳ ಮೇಲೆ ಗ್ರಂಥ ಬರೆದವನೂ ಆದ ಫ್ರಾನ್ಸಿಸ್ಕೊ ದಿಯಾಸ್ ಪರೀಕ್ಷಿಸಿ, ಗಂಡು ಎಂದು ಹೇಳಿಕೆ ಕೊಟ್ಟಿದ್ದನು.

ಮರುವರ್ಷ, 1587ರಲ್ಲಿ, ಯಾರೋ ದೂರು ಕೊಟ್ಟರು. ಮೊಕದ್ದಮೆ ಟೊಲೆಡೊ ನಗರದ ಇನ್‌ಕ್ವಿಸಿಷನ್ ನ್ಯಾಯಪೀಠಕ್ಕೆ ಹೋಯಿತು. ಹೊಸದಾಗಿ ಪರೀಕ್ಷಿಸಿದ ವೈದ್ಯರೂ ಸೂಲಗಿತ್ತಿಯರೂ ಹೆಣ್ಣು ಎಂದರು. ದಿಯಾಸ್ ತನ್ನ ಮಾತನ್ನು ಹಿಂದೆಗೆದುಕೊಂಡು, ಅಂದು ಕಂಡದ್ದು ಸೈತಾನನ ಮಾಯೆಯಿರಬೇಕೆಂದ. ಸೆಸ್ಪೆದೆಸ್ ಮಾತ್ರ ಸೈತಾನನ ಆಸರೆ ಪಡೆಯಲಿಲ್ಲ. ಲೋಕದಲ್ಲಿ ಎರಡು ಲಿಂಗವುಳ್ಳವರು ಹಲವು ಸಲ ಕಂಡುಬಂದಿದ್ದಾರೆ, ತಾನೂ ಅಂಥವರಲ್ಲಿ ಒಬ್ಬ, ತನ್ನಲ್ಲಿರುವುದೆಲ್ಲ ಪ್ರಕೃತಿಯದೇ ಎಂದು ವಾದಿಸಿದರು. ಹನ್ನೊಂದೂವರೆ ಶತಮಾನದ ಹಿಂದೆ ಹಿಪ್ಪೊವಿನ ಬಿಷಪ್ ಬರೆದಿಟ್ಟದ್ದೂ ಇದನ್ನೇ. ಗುಲಾಮಳ ಸಂತಾನವೊಂದು ಕಟಕಟೆಯಲ್ಲಿ ನಿಂತು ಸಂತನ ಮಾತನ್ನು ಆಡಿತು. ಪೀಠದ ಮೇಲೆ ಕುಳಿತವರಿಗೆ ಅದು ಕೇಳಿಸಲಿಲ್ಲ.

1588ರಲ್ಲಿ ತೀರ್ಪು ಬಂತು. ಮೊದಲ ಗಂಡ ಸತ್ತದ್ದಕ್ಕೆ ಆಧಾರವಿಲ್ಲದೆ ಎರಡನೆಯ ಮದುವೆಯಾಗಿ ಸಂಸ್ಕಾರವನ್ನು ಅವಮಾನಿಸಿದ್ದಕ್ಕಾಗಿ ಇನ್ನೂರು ಛಡಿಯೇಟು, ಹೆಣ್ಣುಡುಗೆಯಲ್ಲಿ ಹತ್ತು ವರ್ಷ ಆಸ್ಪತ್ರೆಯಲ್ಲಿ ಸಂಬಳವಿಲ್ಲದ ಚಾಕರಿ. ಆಮೇಲೆ ನಡೆದದ್ದು ಯಾರೂ ಎಣಿಸಿರಲಿಲ್ಲ. ಅವರಿಂದಲೇ ಚಿಕಿತ್ಸೆಯಾಗಲೆಂದು ರೋಗಿಗಳು ಗುಂಪುಗುಂಪಾಗಿ ಬಂದರು. ಈ ಜನಜಂಗುಳಿ ತಡೆಯಲಾರೆ, ಇವರನ್ನು ಬೇರೆಡೆಗೆ ಕಳುಹಿಸಿ ಎಂದು ಆಸ್ಪತ್ರೆಯ ಮೇಲ್ವಿಚಾರಕನೇ ಅರ್ಜಿ ಬರೆದುಕೊಂಡ! ಕೈಗುಣವನ್ನು ನೆಚ್ಚಿ ಬಂದ ರೋಗಿ ವೈದ್ಯನ ಲಿಂಗ ವಿಚಾರಿಸಲಿಲ್ಲ. ಇದೇ 1587ರ ಜೂನ್ ತಿಂಗಳಲ್ಲಿ ಪೋಪ್ ಐದನೆಯ ಸಿಕ್ಸ್‌ಟಸ್ ಸ್ಪೇನಿನ ತನ್ನ ಪ್ರತಿನಿಧಿಗೆ ಆಜ್ಞಾಪತ್ರ ಕಳುಹಿಸಿ, ವೃಷಣಗಳಿಲ್ಲದವರ ಮದುವೆ ಮದುವೆಯೇ ಅಲ್ಲವೆಂದು ವಿಧಿಸಿದನು. ಯೆಶಾಯನು ತೆರೆದ ಬಾಗಿಲು ಆ ವರ್ಷ ಸ್ಪೇನಿನಲ್ಲಿ ಎರಡು ಸಲ ಮುಚ್ಚಿತು.

ಮುಂದಿನ ಕಥೆ ಫ್ರಾನ್ಸಿನದು. 1838ರಲ್ಲಿ ಹುಟ್ಟಿದ ಎರ್ಕ್ಯುಲೀನ್ ಬಾರ್ಬಾಂ ಸಂನ್ಯಾಸಿನಿಯರ ಮಠದಲ್ಲಿ ಹುಡುಗಿಯಾಗಿ ಬೆಳೆದು ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾದರು. ತಮ್ಮ ದೇಹದ ಒಗಟನ್ನು ಲಾ ರೋಶೆಲಿನ ಬಿಷಪ್ಪನ ಮುಂದೆ ಪಾಪನಿವೇದನೆಯಲ್ಲಿ ತೋಡಿಕೊಂಡರು. ಬಿಷಪ್ ಮರುಕವುಳ್ಳವನು. ನಿವೇದನೆಯ ಗುಟ್ಟನ್ನು ಹೇಳಲು ಅವರಿಂದಲೇ ಒಪ್ಪಿಗೆ ಪಡೆದು ವೈದ್ಯನ ಬಳಿಗೆ ಕಳುಹಿಸಿದ. ವೈದ್ಯ ಪ್ರಬಲವಾದ ಲಿಂಗ ಯಾವುದೆಂದು ನೋಡಿ ಗಂಡು ಎಂದ. 1860ರಲ್ಲಿ ನ್ಯಾಯಾಲಯ ದಾಖಲೆ ತಿದ್ದಿತು. ಯಾರೂ ಛಡಿಯೇಟು ಹೊಡೆಯಲಿಲ್ಲ. ಆದರೆ ಕೆಲಸ, ಗೆಳತಿ, ಊರು, ಹೆಸರು ಎಲ್ಲವೂ ಒಂದೇ ಬೇಸಿಗೆಯಲ್ಲಿ ಹೋದವು. 1868ರಲ್ಲಿ ಪ್ಯಾರಿಸಿನ ಬಡ ಕೋಣೆಯೊಂದರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಪಕ್ಕದಲ್ಲಿ ಆತ್ಮಕಥೆಯ ಹಸ್ತಪ್ರತಿಯಿತ್ತು. ಎಲ್ಲರೂ ಒಳ್ಳೆಯವರೇ ಆಗಿದ್ದ ಕಥೆ ಇದು. ಎರಡರಲ್ಲಿ ಒಂದಾಗಲೇಬೇಕೆಂಬ ಮೊಳೆ ಒಳ್ಳೆಯವರ ಕೈಯಲ್ಲಿಯೂ ಚುಚ್ಚುತ್ತದೆ.

20ನೆಯ ಶತಮಾನದಲ್ಲಿ ನ್ಯಾಯಾಧೀಶನ ಜಾಗಕ್ಕೆ ಶಸ್ತ್ರವೈದ್ಯ ಬಂದ. 1950ರ ದಶಕದಿಂದೀಚೆಗೆ, ಅಮೆರಿಕದ ಬಾಲ್ಟಿಮೋರಿನಲ್ಲಿ ರೂಪುಗೊಂಡ ಪದ್ಧತಿಯಂತೆ, ಇಂಥ ಶಿಶುಗಳನ್ನು ಹುಟ್ಟಿದ ಸ್ವಲ್ಪ ಕಾಲದಲ್ಲೇ ಕತ್ತರಿಸಿ ಹೊಲಿದು ಒಂದು ಪಂಕ್ತಿಗೆ ಸೇರಿಸುವುದು ಹಲವು ದೇಶಗಳಲ್ಲಿ ರೂಢಿಯಾಯಿತು. ಪುನರುತ್ಥಾನದ ದಿನ ದೇವರು ಮಾಡುವನೆಂದು ಅಗಸ್ಟೀನ ಹೇಳಿದ್ದ ತಿದ್ದುಪಡ್ಡೆಯನ್ನು ಮನುಷ್ಯರೇ ತೊಟ್ಟಿಲಿನಲ್ಲಿ ಮುಗಿಸಲು ಹೊರಟರು.

ಈ ಕಾಲದಲ್ಲಿ ತಾವೇ ಅಂತರಲಿಂಗಿಯಾಗಿದ್ದು ಶಾಸ್ತ್ರವನ್ನೂ ಓದಿಕೊಂಡವರೊಬ್ಬರು ಮಾತಾಡಿದರು. ದಕ್ಷಿಣ ಆಫ್ರಿಕದಲ್ಲಿ 1953ರಲ್ಲಿ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿ ಗಂಡುಮಗುವಾಗಿ ಬೆಳೆದ ಸ್ಯಾಲಿ ಗ್ರಾಸ್, ಕ್ಯಾಥೊಲಿಕರಾಗಿ, ಡೊಮಿನಿಕನ್ ಸಂಘ ಸೇರಿ, 1987ರಲ್ಲಿ ಆಕ್ಸ್‌ಫರ್ಡಿನಲ್ಲಿ ಪಾದ್ರಿದೀಕ್ಷೆ ಪಡೆದರು. ತಾವು ಅಂತರಲಿಂಗಿಯೆಂಬುದು ವೈದ್ಯಪರೀಕ್ಷೆಯಿಂದ ಖಚಿತವಾಗಿ, ಹೆಂಗಸಾಗಿ ಬದುಕಲು ನಿರ್ಧರಿಸಿದಾಗ ಪಾದ್ರಿತನ ಹೋಯಿತು. ಅಂತರಲಿಂಗಿ ಮನುಷ್ಯರೇ ಅಲ್ಲ, ಆದ್ದರಿಂದ ಅವರ ದೀಕ್ಷಾಸ್ನಾನವೂ ಸಲ್ಲದು ಎಂಬ ಮಾತನ್ನೂ ಅವರು ಕೇಳಬೇಕಾಯಿತು. ಗಾಜಾದ ದಾರಿಯಲ್ಲಿ ಇರದಿದ್ದ ಅಡ್ಡಿ ಈಗ ಎದ್ದುನಿಂತಿತು! ಅವರು ಉತ್ತರ ಹುಡುಕಿದ್ದು ಆದಿಕಾಂಡದ ಮೊದಲ ಅಧ್ಯಾಯದಲ್ಲಿಯೇ. ದೇವರು ಮನುಷ್ಯನನ್ನು ಸೃಷ್ಟಿಸಿದ ವಾಕ್ಯ ಏಕವಚನದಿಂದ ಬಹುವಚನಕ್ಕೆ ಹೊರಳುತ್ತದೆ. ಅಲ್ಲಿಯ ಮೊದಲ ಮನುಷ್ಯ ಗಂಡೂ ಹೆಣ್ಣೂ ಕೂಡಿದ್ದವನೆಂದು ಯೆಹೂದ್ಯರ ಪ್ರಾಚೀನ ರಬ್ಬಿಗಳು ವ್ಯಾಖ್ಯಾನ ಮಾಡಿದ್ದಾರೆ. ಹೀಗಿರುವಾಗ ಆ ವಾಕ್ಯವನ್ನೇ ದೊಣ್ಣೆಯಾಗಿ ಹಿಡಿಯುವುದೆಂತು? ಇದು ಅವರ ವಾದ. ವ್ಯಾಕರಣವೇ ಅವರ ನೆರವಿಗೆ ಬಂದದ್ದು ನನಗೆ ಸಂತೋಷ. 2000ದಲ್ಲಿ ಅವರು ತಾಯ್ನಾಡಿನಲ್ಲಿ ಅಂತರಲಿಂಗಿಗಳ ಸಂಘ ಕಟ್ಟಿದರು. ಅವರ ಶ್ರಮದಿಂದ 2005ರ ತಿದ್ದುಪಡಿಯಲ್ಲಿ ಅಂತರಲಿಂಗವೆಂಬ ಶಬ್ದ ಅಲ್ಲಿಯ ಸಮಾನತೆಯ ಕಾಯಿದೆಗೆ ಸೇರಿತು. 2014ರಲ್ಲಿ ತೀರಿಕೊಂಡರು.

ಮೊದಲೇ ಹೇಳಿದ ಆ ಹೆಣ್ಣುಮಗಳು ಅಮೆರಿಕದ ನ್ಯಾನ್ಸಿ ಐಸ್‌ಲ್ಯಾಂಡ್. 1964ರಲ್ಲಿ ಸೊಂಟದ ಮೂಳೆಯ ಊನದೊಡನೆ ಹುಟ್ಟಿ, ಬಾಲ್ಯವನ್ನು ಶಸ್ತ್ರಕ್ರಿಯೆಗಳಲ್ಲಿ ಕಳೆದವರು. ದೇವರಿಗೆ ನೀನು ವಿಶೇಷ, ಅದಕ್ಕೇ ಇದನ್ನು ಕೊಟ್ಟಿದ್ದಾನೆ ಎಂದು ಕೆಲವರು, ಸ್ವರ್ಗದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ಅವರಿಗೆ ಹೇಳುತ್ತಿದ್ದರು. 1994ರಲ್ಲಿ ಅವರು ‘ಅಂಗವಿಕಲ ದೇವರು’ ಎಂಬರ್ಥದ ಹೆಸರಿನ ಪುಸ್ತಕ ಬರೆದರು. ಅದರ ನಡುಗಂಬ ಸುವಾರ್ತೆಯಲ್ಲಿಯೇ ಇರುವ ಒಂದು ಸಂಗತಿ. ಸತ್ತು ಎದ್ದುಬಂದ ಯೇಸು ಶಿಷ್ಯರಿಗೆ ತೋರಿಸಿದ್ದು ತೂತುಬಿದ್ದ ಕೈಗಳನ್ನು, ಇರಿತದ ಪಕ್ಕೆಯನ್ನು. ಪುನರುತ್ಥಾನದ ದೇಹವೆಂದರೆ ಕುಂದಿಲ್ಲದ ದೇಹವೆನ್ನುವುದಾದರೆ, ಮೊದಲು ಎದ್ದ ದೇಹದಲ್ಲಿ ಗಾಯ ಏಕೆ ಉಳಿಯಿತು? ಗಾಯದ ಗುರುತು ಗೌರವವಾಗಬಲ್ಲದೆಂದು ಅಗಸ್ಟೀನ ಹುತಾತ್ಮರ ಮಟ್ಟಿಗೆ ಒಪ್ಪಿ ನಿಂತಿದ್ದ ಹೊಸ್ತಿಲನ್ನು ಐಸ್‌ಲ್ಯಾಂಡ್ ದಾಟಿದರು. ಉಸಿರೂದಿ ನಡೆಸುವ ಗಾಲಿಕುರ್ಚಿಯಲ್ಲಿ ಕುಳಿತ ದೇವರನ್ನು ತಾವು ಮನಸ್ಸಿನಲ್ಲಿ ಕಂಡುದಾಗಿ ಬರೆದರು. ತಮ್ಮ ಊನವನ್ನು ಅಳಿಸಿಬಿಟ್ಟರೆ ತಮಗೆ ತಮ್ಮದೇ ಗುರುತು ಸಿಗದು, ಬಹುಶಃ ದೇವರಿಗೂ ಸಿಗದು ಎಂಬುದು ಅವರ ನಿಲುವು. 2009ರಲ್ಲಿ 44ನೆಯ ವಯಸ್ಸಿಗೆ ಹೋಗಿಬಿಟ್ಟರು.

ಈ ಮಾತನ್ನು ತಂಗಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ಇದಕ್ಕೆ ಪುಸ್ತಕ ಬೇಕೆ, ಅಣ್ಣಯ್ಯ? ಕಣ್ಣು ಹೋದಮೇಲೆ ಅಮ್ಮ ನನ್ನನ್ನು ಗುರುತು ಹಿಡಿಯುತ್ತಿದ್ದದ್ದೇ ಈ ಕಾಲು ಎಳೆಯುವ ಸದ್ದಿನಿಂದ. ಮೇಲೆ ಹೋಗಿ ನೆಟ್ಟಗೆ ನಡೆದರೆ ಯಾರೋ ಅಂದುಕೊಂಡಾಳು” ಎಂದಳು.

ಇಂದಿಗೂ ಇಗರ್ಜಿಗಳ ಮಾತು ಒಂದೇ ದನಿಯದಲ್ಲ. 2017ರಲ್ಲಿ ಅಮೆರಿಕದ ಇವ್ಯಾಂಜೆಲಿಕಲ್ ಪಂಥದವರು ಹೊರಡಿಸಿದ ನ್ಯಾಶ್‌ವಿಲ್ ಹೇಳಿಕೆ, ಮತ್ತಾಯನ ಅದೇ ವಾಕ್ಯವನ್ನು ನೆನೆದು ಇಂಥವರೂ ದೇವರ ಪ್ರತಿರೂಪವೇ ಎಂದಿತು; ಆದರೆ ತಿಳಿದುಬರುವಷ್ಟರ ಮಟ್ಟಿಗೆ ತಮ್ಮ ಜೈವಿಕ ಲಿಂಗವನ್ನು ಅವರು ಒಪ್ಪಿಕೊಳ್ಳಬೇಕೆಂದೂ ಸೇರಿಸಿತು. 2019ರ ಮತ್ತು 2024ರ ವ್ಯಾಟಿಕನ್ ಪತ್ರಗಳು ವೈದ್ಯರ ನೆರವಿನ ದಾರಿ ತೋರಿಸಿದವು. ಪ್ರಬಲವಾದುದು ಯಾವುದು ಎಂಬ ಉಲ್ಪಿಯನ್ನನ ಪ್ರಶ್ನೆ ಇನ್ನೂ ಸತ್ತಿಲ್ಲ. ಇತ್ತ, ಸಂವಿಧಾನದಲ್ಲಿಯೇ ಕ್ಯಾಥೊಲಿಕ್ ಧರ್ಮವನ್ನು ರಾಷ್ಟ್ರಧರ್ಮವೆಂದು ಬರೆದುಕೊಂಡ ಪುಟ್ಟ ಮಾಲ್ಟಾ ದೇಶವೇ 2015ರಲ್ಲಿ, ಮಕ್ಕಳು ತಾವೇ ಒಪ್ಪಿಗೆ ಕೊಡುವವರೆಗೆ, ತಡೆಯಬಹುದಾದ ಇಂಥ ಶಸ್ತ್ರಕ್ರಿಯೆಗಳನ್ನು ನಿಷೇಧಿಸಿತು. ನಮ್ಮ ನೆರೆಯ ತಮಿಳುನಾಡಿನ ಸರ್ಕಾರವೂ 2019ರಲ್ಲಿ, ಮದ್ರಾಸು ಹೈಕೋರ್ಟಿನ ತೀರ್ಪಿನ ಮೇಲೆ, ಜೀವಕ್ಕೆ ಅಪಾಯವಿದ್ದ ಹೊರತು ಅಂಥ ಶಿಶುಗಳಿಗೆ ಕತ್ತಿ ತಾಗಿಸಕೂಡದೆಂದು ಆಜ್ಞೆ ಹೊರಡಿಸಿತು. ಮಗು ಮಗುವಾಗಿಯೇ ಸ್ವಲ್ಪ ಕಾಲ ಇರಲಿ, ಅದರ ಮಾತು ಅದೇ ಹೇಳಲಿ ಎಂಬುದಷ್ಟೇ ಇವುಗಳ ತಾತ್ಪರ್ಯ.

ಈ ಚರಿತ್ರೆಯನ್ನು ಓದಿ ನನಗೆ ಉಳಿದ ಮಾತು ಇಷ್ಟು. ಯಾರ ಪಾಪ ಎಂಬ ಪ್ರಶ್ನೆಯನ್ನು ಆ ಧರ್ಮದ ಗುರು ಮೊದಲ ಶತಮಾನದಲ್ಲೇ ಅಳಿಸಿದ. ಅದರ ಅನುಯಾಯಿಗಳು ಅದೇ ಹಲಗೆಯ ಮೇಲೆ ಬೇರೆ ಪ್ರಶ್ನೆ ಬರೆದರು: ಎಂದು ಸರಿಹೋದೀತು? ಯಾರು ಸರಿಪಡಿಸಬೇಕು? ಪಾಪದ ಹೊರೆ ಹೋದರೂ ದೋಷದ ಹೊರೆ ಹೋಗಲಿಲ್ಲ. ಅದನ್ನೂ ಇಳಿಸಬಹುದೆಂದು ತೋರಿಸಿದವರು, ಅದನ್ನು ಹೊತ್ತವರೇ. ನಮ್ಮ ಅಮ್ಮ ಇನ್ನೊಂದು ಸಲ ಓದು ಎಂದದ್ದು ಯಾವ ಮಾತಿಗಾಗಿ ಎಂದು ಈಗ ನನಗೆ ತಿಳಿಯುತ್ತದೆ. ಕುರುಡನಿಗೆ ಕಣ್ಣು ಬಂದ ಪವಾಡದ ಭಾಗವನ್ನು ಅವಳು ಕೇಳಲೇ ಇಲ್ಲ. ಹೆತ್ತವರ ಪಾಪವಲ್ಲ ಎಂಬಲ್ಲಿಗೆ ಕೈಸನ್ನೆ ಮಾಡಿ, ಅಷ್ಟು ಸಾಕು, ಪುಸ್ತಕ ಮುಚ್ಚು ಎಂದಿದ್ದಳು.